ಅಂತರರಾಷ್ಟ್ರೀಯ ವ್ಯವಹಾರಗಳ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ: ಪ್ರಶ್ನೆ ಹುಡುಕುವುದರಿಂದ ವೀಸಾವರೆಗೆ

ಫೆಲೋಶಿಪ್ ಅಂದರೆ ಓದಿನಲ್ಲಿ ಮುಂದಿದ್ದವರಿಗೆ ಕೊಡುವ ಬಹುಮಾನ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಅರ್ಜಿ ಪೂರ್ತಿ ಹಳೇ ಕಥೆ: ಯಾವ ರ‍್ಯಾಂಕ್, ಯಾವ ಸೆಮಿನಾರ್, ಎಲ್ಲಿ ಭಾಷಣ. ಮುಂದೆ ಏನು ಮಾಡುತ್ತೇನೆ ಅನ್ನುವುದಕ್ಕೆ ಕೊನೆಯಲ್ಲಿ ನಾಲ್ಕು ಸಾಲು. ಎರಡು ತಿಂಗಳ ನಂತರ ಎರಡು ಸಾಲಿನ ಇಮೇಲ್ ಬಂತು, ವಿಷಾದದ ಜೊತೆ.

ಆಮೇಲೆ ಇಂಥ ಅರ್ಜಿಗಳನ್ನು ಓದುವವರ ಜೊತೆ ಮಾತಾಡಿದಾಗ ವಿಷಯ ಗೊತ್ತಾಯಿತು. ಆಯ್ಕೆ ಸಮಿತಿಯ ಕೈಯಲ್ಲಿ ಇರುವುದು ಒಂದು ಮೇಜು, ಒಂದು ಲೈಬ್ರರಿ ಕಾರ್ಡ್, ಒಂಬತ್ತೋ ಹನ್ನೆರಡೋ ತಿಂಗಳ ಸ್ಟೈಪೆಂಡ್. ಅದನ್ನು ನಿಮಗೆ ಕೊಟ್ಟರೆ ಅವಧಿ ಮುಗಿಯುವಾಗ ಏನು ಹೊರಗೆ ಬರುತ್ತದೆ? ಅವರಿಗೆ ಬೇಕಾಗಿರುವುದು ಇದಕ್ಕೆ ಉತ್ತರ. ನಿಮ್ಮ ಹಳೆಯ ಸಾಧನೆ ಆ ಉತ್ತರವನ್ನು ನಂಬುವುದಕ್ಕೆ ಒಂದು ಆಧಾರ, ಅಷ್ಟೇ.

ನೀವು ಯಾವ ಸಾಲಿನಲ್ಲಿ ನಿಲ್ಲಬೇಕು

ಮೊದಲು ನಿಮ್ಮ ಸಾಲು ಯಾವುದು ಅಂತ ನೋಡಿಕೊಳ್ಳಿ. ಥೀಸಿಸ್ ಬರೆಯುತ್ತಿದ್ದರೆ ಪ್ರೀಡಾಕ್. ಪಿಎಚ್‌ಡಿ ಮುಗಿದು ಕೆಲವೇ ವರ್ಷ ಆಗಿದ್ದರೆ ಪೋಸ್ಟ್‌ಡಾಕ್. ಎಲ್ಲೋ ಪಾಠ ಮಾಡುತ್ತಿದ್ದರೆ ವಿಸಿಟಿಂಗ್ ಫೆಲೋ. ರಾಜತಾಂತ್ರಿಕರು, ಸೇನಾಧಿಕಾರಿಗಳು, ಪತ್ರಕರ್ತರಿಗೆ ಬೇರೆ ಬಾಗಿಲು ಇರುತ್ತದೆ. ಅಲ್ಲಿ ಪಿಎಚ್‌ಡಿಗಿಂತ ಅನುಭವದ ತೂಕ ಜಾಸ್ತಿ.

ಹಾರ್ವರ್ಡ್‌ನ ಬೆಲ್ಫರ್ ಸೆಂಟರ್‌ನಲ್ಲಿರುವ ಇಂಟರ್‌ನ್ಯಾಷನಲ್ ಸೆಕ್ಯುರಿಟಿ ಪ್ರೋಗ್ರಾಂ ಪ್ರೀಡಾಕ್, ಪೋಸ್ಟ್‌ಡಾಕ್ ಎರಡನ್ನೂ ಕೊಡುತ್ತಾ ಬಂದಿದೆ. 'ಇಂಟರ್‌ನ್ಯಾಷನಲ್ ಸೆಕ್ಯುರಿಟಿ' ಜರ್ನಲ್‌ನ ಸಂಪಾದನೆಯೂ ಅಲ್ಲೇ. ಸ್ಟ್ಯಾನ್‌ಫರ್ಡ್‌ನಲ್ಲಿ ಸಿಸಾಕ್ ಇದೆ, ಅಂದರೆ ಅಂತರರಾಷ್ಟ್ರೀಯ ಭದ್ರತೆ ಮತ್ತು ಸಹಕಾರದ ಅಧ್ಯಯನ ಕೇಂದ್ರ. ಯುರೋಪಿನ ಕಡೆ ಹೋದರೆ, ಫ್ಲಾರೆನ್ಸ್ ಪಕ್ಕದ ಯುರೋಪಿಯನ್ ಯೂನಿವರ್ಸಿಟಿ ಇನ್‌ಸ್ಟಿಟ್ಯೂಟ್ 2006ರಿಂದ ಮ್ಯಾಕ್ಸ್ ವೆಬರ್ ಹೆಸರಿನ ಪೋಸ್ಟ್‌ಡಾಕ್ ನಡೆಸುತ್ತಿದೆ. ಯುರೋಪಿಯನ್ ಯೂನಿಯನ್ನಿನ ಮೇರಿ ಕ್ಯೂರಿ ಫೆಲೋಶಿಪ್‌ನ ಲೆಕ್ಕವೇ ಬೇರೆ. ಅಲ್ಲಿ ಮೊದಲು ನಿಮ್ಮನ್ನು ಒಪ್ಪಿಕೊಳ್ಳುವ ಒಬ್ಬ ಪ್ರಾಧ್ಯಾಪಕರನ್ನು ಹುಡುಕಬೇಕು. ಆಮೇಲೆ ಇಬ್ಬರೂ ಕೂಡಿ ಅರ್ಜಿ ಹಾಕಬೇಕು.

ಅರ್ಹತೆಯ ನಿಯಮಗಳನ್ನು ಒಂದೊಂದು ಪದವೂ ಬಿಡದೆ ಓದಿ. ಮೇರಿ ಕ್ಯೂರಿಯಲ್ಲಿ 'ಓಡಾಟದ ನಿಯಮ' ಅಂತ ಒಂದಿದೆ. ನೀವು ಯಾವ ದೇಶಕ್ಕೆ ಹೋಗುತ್ತೀರೋ ಆ ದೇಶದಲ್ಲಿ, ಡೆಡ್‌ಲೈನ್‌ಗೆ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಇದನ್ನು ಗಮನಿಸದೆ ಮೂರು ತಿಂಗಳು ಕೂತು ಪ್ರಪೋಸಲ್ (ಸಂಶೋಧನೆಯ ಯೋಜನೆ) ಬರೆದರೆ ಯಾರು ಹೊಣೆ? ಪ್ರೀಡಾಕ್ ಕರೆಗಳಲ್ಲೂ, ಅಂದರೆ ಅರ್ಜಿ ಆಹ್ವಾನಿಸುವ ಪ್ರಕಟಣೆಗಳಲ್ಲೂ, ಹೀಗೇ: ಕೋರ್ಸ್‌ವರ್ಕ್ ಮತ್ತು ಅರ್ಹತಾ ಪರೀಕ್ಷೆ ಮುಗಿದಿರಬೇಕು ಅನ್ನುವ ಮಾತು ಎಲ್ಲೋ ಮೂಲೆಯಲ್ಲಿ ಇರುತ್ತದೆ.

ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ಸೆಪ್ಟೆಂಬರ್‌ಗೆ ಶುರುವಾಗುವ ಫೆಲೋಶಿಪ್‌ಗೆ ಅರ್ಜಿ ಮುಗಿಯುವುದು ಸಾಮಾನ್ಯವಾಗಿ ಅದರ ಹಿಂದಿನ ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ. ಅಂದರೆ ಮುಂದಿನ ವರ್ಷ ಹೋಗಬೇಕು ಅಂದರೆ ಈ ವರ್ಷ ಮೇ, ಜೂನ್‌ನಲ್ಲೇ ಕೂರಬೇಕು. ಒಂದು ಸ್ಪ್ರೆಡ್‌ಶೀಟ್ ಮಾಡಿ. ಸಂಸ್ಥೆ, ಕೊನೆಯ ದಿನ, ಯಾವ ಟೈಮ್ ಝೋನ್, ಎಷ್ಟು ಪತ್ರ, ಪ್ರಪೋಸಲ್ ಎಷ್ಟು ಪದ, ಅಲ್ಲಿ ಯಾರಿದ್ದಾರೆ. ಆರೇಳು ಜಾಗ ಸಾಕು. ಇಪ್ಪತ್ತು ಜಾಗಕ್ಕೆ ಹಾಕುತ್ತೇನೆ ಅಂದರೆ ಇಪ್ಪತ್ತೂ ಅರೆಬೆಂದವೇ ಆಗುತ್ತವೆ.

ಆ ಶೀಟಿನಲ್ಲಿ ಇನ್ನೊಂದು ಕಾಲಂ ಇರಲಿ: ಕಳೆದ ಎರಡು ಮೂರು ವರ್ಷ ಅಲ್ಲಿ ಫೆಲೋ ಆಗಿದ್ದವರು ಮತ್ತು ಅವರ ವಿಷಯ. ಹೆಚ್ಚಿನ ಸಂಸ್ಥೆಗಳು ಈ ಪಟ್ಟಿಯನ್ನು ಹಾಕಿರುತ್ತವೆ. ಕರೆಯಲ್ಲಿ 'ಎಲ್ಲ ವಿಷಯಗಳಿಗೂ ಸ್ವಾಗತ' ಅಂತ ಬರೆದಿರುತ್ತಾರೆ, ಪಟ್ಟಿ ನೋಡಿದರೆ ಅಣ್ವಸ್ತ್ರ, ಮಿಲಿಟರಿ ತಂತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ನನ್ನ ಪ್ರಕಾರ ಕರೆಗಿಂತ ಈ ಪಟ್ಟಿಯೇ ಹೆಚ್ಚು ನಿಜ ಹೇಳುತ್ತದೆ.

ವಿಷಯ ಅಲ್ಲ, ಪ್ರಶ್ನೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅರ್ಜಿ ಬೀಳುವುದೂ ಏಳುವುದೂ ಇಲ್ಲೇ.

'ಬಿಕ್ಕಟ್ಟಿನ ಸಮಯದಲ್ಲಿ ದೇಶಗಳ ನಡುವಿನ ಸಂವಹನ' ಅಂತ ಒಬ್ಬರು ಬರೆದರು ಅಂತಿಟ್ಟುಕೊಳ್ಳಿ. ಇದು ವಿಷಯ. ಒಂದು ಕಪಾಟು ಪುಸ್ತಕ ಬರೆದರೂ ಮುಗಿಯದ ವಿಷಯ. ಇದನ್ನು ಓದಿದ ಸಮಿತಿಗೆ ನೀವು ಸೆಪ್ಟೆಂಬರ್ ಒಂದನೇ ತಾರೀಕು ಬೆಳಿಗ್ಗೆ ಬಂದು ಯಾವ ಫೈಲ್ ತೆರೆಯುತ್ತೀರಿ ಅಂತ ಗೊತ್ತಾಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ:

"1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಮಾಸ್ಕೋದಿಂದ ವಾಷಿಂಗ್ಟನ್‌ಗೆ ಒಂದು ಪತ್ರ ತಲುಪಲು ಗಂಟೆಗಟ್ಟಲೆ ಹಿಡಿಯಿತು. ಮರುವರ್ಷ ಜೂನ್ 20ರಂದು ಎರಡೂ ದೇಶಗಳು ಹಾಟ್‌ಲೈನ್ ಒಪ್ಪಂದಕ್ಕೆ ಸಹಿ ಹಾಕಿದವು. 1967ರ ಅರಬ್-ಇಸ್ರೇಲ್ ಯುದ್ಧದಲ್ಲಿ ಅದನ್ನು ಮೊದಲು ಬಳಸಿದ್ದು ಸೋವಿಯತ್ ಕಡೆಯವರು. ಅಮೆರಿಕ ಮತ್ತು ಚೀನಾದ ರಕ್ಷಣಾ ಇಲಾಖೆಗಳೂ 2008ರಲ್ಲಿ ಇಂಥದ್ದೇ ಫೋನ್ ಸಂಪರ್ಕಕ್ಕೆ ಒಪ್ಪಿದವು. ಆದರೆ 2023ರ ಫೆಬ್ರವರಿಯಲ್ಲಿ ಚೀನಾದ ಬಲೂನನ್ನು ಅಮೆರಿಕ ಹೊಡೆದುರುಳಿಸಿ, ರಕ್ಷಣಾ ಸಚಿವರು ಮಾತಾಡಲಿ ಎಂದು ಕೇಳಿದಾಗ ಚೀನಾ ಒಪ್ಪಲಿಲ್ಲ. ತಂತಿ ಇದ್ದೂ ಸರ್ಕಾರಗಳು ಕೆಲವೊಮ್ಮೆ ಫೋನ್ ಎತ್ತುವುದಿಲ್ಲ ಏಕೆ?"

ಏನು ಬದಲಾಯಿತು? ಓದುವವರಿಗೆ ಒಂದು ಒಗಟು ಸಿಕ್ಕಿತು. ಒಂದು ಕಡೆ ಎತ್ತಿದರು, ಇನ್ನೊಂದು ಕಡೆ ಎತ್ತಲಿಲ್ಲ. ಯಾಕೆ ಅಂತ ಅವರಿಗೂ ಈಗ ಕುತೂಹಲ. ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇಟ್ಟರೆ ಒಗಟು ಇನ್ನೂ ಗಟ್ಟಿಯಾಗುತ್ತದೆ. ಭಾರತ ಮತ್ತು ಪಾಕಿಸ್ತಾನದ ಸೇನಾ ಕಾರ್ಯಾಚರಣೆ ಮುಖ್ಯಸ್ಥರ ನಡುವೆ ಒಂದು ಹಾಟ್‌ಲೈನ್ ಇದೆ. 2025ರ ಮೇ 10ರಂದು ಸಂಘರ್ಷ ನಡೆಯುತ್ತಿದ್ದಾಗಲೇ ಈ ಇಬ್ಬರು ಅಧಿಕಾರಿಗಳು ಮಾತಾಡಿದರು, ಗುಂಡು ನಿಲ್ಲಿಸುವುದಕ್ಕೆ ಒಪ್ಪಿದರು. ಬದ್ಧ ವೈರಿಗಳು ಹೊಡೆದಾಟದ ಮಧ್ಯೆ ಫೋನ್ ಎತ್ತುತ್ತಾರೆ. ಯುದ್ಧವೇ ಇಲ್ಲದ ಎರಡು ದೇಶಗಳ ನಡುವೆ ಫೋನ್ ಸುಮ್ನೆ ಇರುತ್ತದೆ. ಸೋಜಿಗ ಅಲ್ವಾ?

ಅಂದ ಹಾಗೆ, 1963ರ ಹಾಟ್‌ಲೈನ್ ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್ ಆಗಿತ್ತು. ಪ್ರಪೋಸಲ್‌ನಲ್ಲಿ 'ಕೆಂಪು ಫೋನ್' ಅಂತ ಬರೆದರೆ ಸಮಿತಿಯಲ್ಲಿರುವ ಇತಿಹಾಸಕಾರರು ಅಲ್ಲಿಗೇ ನಿಮ್ಮ ಹಾಳೆ ಕೆಳಗಿಡುತ್ತಾರೆ. ತೀರಾ ಸಣ್ಣ ತಪ್ಪು. ಆದರೆ ಮೂಲ ದಾಖಲೆ ನೋಡಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಒಗಟಿನ ನಂತರ ಉತ್ತರದ ಊಹೆಗಳು ಬರಬೇಕು. ಒಂದೇ ಊಹೆ ಇಟ್ಟುಕೊಂಡು ಹೊರಟರೆ ಅದು ವಕೀಲಿಕೆ ಆಗುತ್ತದೆ. ಮೂರಾದರೂ ಇರಲಿ. ಫೋನ್ ಎತ್ತದೇ ಇರುವುದೇ ಒಂದು ಸಂದೇಶ ಇರಬಹುದು: ನಾವು ಸಿಟ್ಟಾಗಿದ್ದೇವೆ ಅಂತ. ಅಥವಾ ಫೋನ್ ಪಕ್ಕದಲ್ಲಿ ಕೂತವರಿಗೆ ಮೇಲಿನವರ ಅಪ್ಪಣೆ ಇಲ್ಲದೆ ಮಾತಾಡುವ ಅಧಿಕಾರವೇ ಇಲ್ಲದಿರಬಹುದು. ಅಥವಾ ಇದು ಸೀಟ್‌ಬೆಲ್ಟ್ ಇದ್ದ ಹಾಗೆ, ಕೊಟ್ಟರೆ ಎದುರಾಳಿ ಇನ್ನೂ ಜೋರಾಗಿ ಗಾಡಿ ಓಡಿಸುತ್ತಾನೆ ಅನ್ನುವ ಭಯ ಇರಬಹುದು. ಈ ಮೂರರಲ್ಲಿ ಯಾವುದು ಸರಿ ಅಂತ ಹೇಗೆ ಗೊತ್ತಾಗುತ್ತದೆ? ಯಾವ ದಾಖಲೆ ಸಿಕ್ಕರೆ ನಿಮ್ಮ ಮೆಚ್ಚಿನ ಊಹೆ ಬಿದ್ದುಹೋಗುತ್ತದೆ? ಅದನ್ನೂ ಬರೆಯಿರಿ. 'ನಾನು ಹೇಳುವುದು ತಪ್ಪು ಅಂತ ಹೀಗೆ ತೋರಿಸಬಹುದು' ಅನ್ನುವ ಅರ್ಜಿದಾರರು ಕಡಿಮೆ. ಅವರನ್ನು ಸಮಿತಿ ಮರೆಯುವುದಿಲ್ಲ.

ದಾಖಲೆ ಎಲ್ಲಿದೆ, ಕೈಗೆ ಸಿಗುತ್ತದೆಯೇ

ಪ್ರಶ್ನೆ ಚೆನ್ನಾಗಿದ್ದು ಪುರಾವೆ ಸಿಗದಿದ್ದರೆ ಒಂದು ವರ್ಷ ವ್ಯರ್ಥ. ಇದು ಸಮಿತಿಗೂ ಗೊತ್ತು. ಹಾಗಾಗಿ 'ಆರ್ಕೈವ್ (ಹಳೆಯ ದಾಖಲೆಗಳ ಭಂಡಾರ) ಸಂಶೋಧನೆ ಮಾಡುತ್ತೇನೆ' ಅಂತ ಬಿಡಬೇಡಿ. ಯಾವ ಆರ್ಕೈವ್, ಯಾವ ಸಂಗ್ರಹ, ಎಷ್ಟು ವಾರ, ಹೇಳಿ.

ಹಾಟ್‌ಲೈನ್ ಉದಾಹರಣೆಯನ್ನೇ ಮುಂದುವರಿಸೋಣ. 1967ರ ಜೂನ್‌ನಲ್ಲಿ ಹೋಗಿಬಂದ ಸಂದೇಶಗಳು ಅಮೆರಿಕದ ವಿದೇಶಾಂಗ ಇಲಾಖೆ ಪ್ರಕಟಿಸುವ ದಾಖಲೆ ಸಂಪುಟಗಳಲ್ಲೇ ಇವೆ, ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು. ಅದರ ಹಿಂದಿನ ಚರ್ಚೆಗೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಜಾನ್ಸನ್ ಅಧ್ಯಕ್ಷೀಯ ಗ್ರಂಥಾಲಯಕ್ಕೆ ಹೋಗಬೇಕು. ಬ್ರಿಟನ್ ಏನು ಯೋಚಿಸುತ್ತಿತ್ತು ಅಂತ ನೋಡಲು ಲಂಡನ್‌ನ ಕ್ಯೂ (Kew) ಎಂಬ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಅಲ್ಲಿ ಮೊದಲು 30 ವರ್ಷಕ್ಕೆ ತೆರೆಯುತ್ತಿದ್ದ ಕಡತಗಳನ್ನು ಈಗ 20 ವರ್ಷಕ್ಕೆ ತೆರೆಯುವ ನಿಯಮ ಬಂದಿದೆ. ಹಾಗಂತ ಎಲ್ಲವೂ ತೆರೆದಿರುತ್ತದೆ ಅಂತಲ್ಲ. ಗುಪ್ತಚರ ವಿಷಯದ ಹಾಳೆಗಳನ್ನು ತಡೆಹಿಡಿಯುವುದು ಮಾಮೂಲು.

2023ರ ಬಲೂನ್ ಘಟನೆಗೆ ಇದ್ಯಾವುದೂ ಇಲ್ಲ. ಅದರ ಕಡತ ಇನ್ನೂ ಬೀರುವಿನಲ್ಲಿದೆ. ಅಲ್ಲಿ ಸಂದರ್ಶನವೇ ದಾರಿ: ನಿವೃತ್ತ ಅಧಿಕಾರಿಗಳು, ಆಗ ವರದಿ ಮಾಡಿದ ಪತ್ರಕರ್ತರು. ಜನರ ಜೊತೆ ಮಾತಾಡುವ ಸಂಶೋಧನೆಗೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಈ ಮಾತು ಪ್ರಪೋಸಲ್‌ನಲ್ಲಿ ಒಂದು ಸಾಲು ಬಂದರೂ ಸಾಕು, ನೀವು ನೆಲದ ಮೇಲೆ ನಿಂತು ಯೋಚಿಸಿದ್ದೀರಿ ಅಂತ ಗೊತ್ತಾಗುತ್ತದೆ.

ವೇಳಾಪಟ್ಟಿಯೂ ಇಷ್ಟೇ ಸರಳ ಇರಲಿ. ಸೆಪ್ಟೆಂಬರ್‌ನಿಂದ ನವೆಂಬರ್ ಆರ್ಕೈವ್. ಜನವರಿವರೆಗೆ ಸಂದರ್ಶನ. ಫೆಬ್ರವರಿಯಿಂದ ಬರವಣಿಗೆ. ಏಪ್ರಿಲ್‌ನಲ್ಲಿ ಸೆಂಟರ್‌ನ ಸೆಮಿನಾರ್‌ನಲ್ಲಿ ಮಂಡನೆ. ಜೂನ್‌ಗೆ ಒಂದು ಜರ್ನಲ್ ಲೇಖನ, ಪುಸ್ತಕದ ಒಂದು ಅಧ್ಯಾಯ. 'ಪುಸ್ತಕ ಮುಗಿಸುತ್ತೇನೆ, ನಾಲ್ಕು ಲೇಖನ ಬರೆಯುತ್ತೇನೆ' ಅಂದರೆ ಯಾರೂ ನಂಬುವುದಿಲ್ಲ. ಓದುವವರೂ ಬರೆಯುವವರೇ ತಾನೆ? ಒಂದು ಅಧ್ಯಾಯಕ್ಕೆ ಎಷ್ಟು ಬೆವರು ಸುರಿಯುತ್ತದೆ ಅಂತ ಅವರಿಗೆ ಗೊತ್ತು.

'ನಮ್ಮಲ್ಲಿಗೇ ಯಾಕೆ?'

'ನಿಮ್ಮ ವಿಶ್ವವಿಖ್ಯಾತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಕನಸು.' ಈ ಸಾಲನ್ನು ಅಳಿಸಿ. ತಾವು ವಿಶ್ವವಿಖ್ಯಾತರು ಅಂತ ಅವರಿಗೆ ಗೊತ್ತೇ ಇದೆ.

ಬದಲಿಗೆ ಆ ಜಾಗದ ಸ್ವಭಾವ ತಿಳಿದುಕೊಳ್ಳಿ. ಸಿಸಾಕ್ ಬೆಳೆದದ್ದು ಒಬ್ಬ ರಾಜಕೀಯ ಶಾಸ್ತ್ರಜ್ಞ, ಜಾನ್ ಲೂಯಿಸ್, ಮತ್ತು ಒಬ್ಬ ಭೌತವಿಜ್ಞಾನಿ, ಸಿಡ್ನಿ ಡ್ರೆಲ್, ಇವರ ಜೊತೆಗಾರಿಕೆಯಿಂದ. ವಿಜ್ಞಾನಿ ಮತ್ತು ಸಮಾಜ ವಿಜ್ಞಾನಿ ಒಟ್ಟಿಗೆ ಕೂರುವುದು ಅಲ್ಲಿನ ಪದ್ಧತಿ. ಅಂಥ ಕಡೆ ಹಾಟ್‌ಲೈನ್ ಪ್ರಪೋಸಲ್ ಕಳಿಸುವಾಗ ತಾಂತ್ರಿಕ ಮುಖವನ್ನು ಮುಂದಿಡಿ: ಟೆಲಿಪ್ರಿಂಟರ್‌ನಿಂದ ಉಪಗ್ರಹಕ್ಕೆ ಬದಲಾದಾಗ ಬಿಕ್ಕಟ್ಟಿನ ಮಾತುಕತೆ ಬದಲಾಯಿತೇ? ನೀತಿ ರೂಪಿಸುವವರ ಒಡನಾಟ ಜಾಸ್ತಿ ಇರುವ ಸೆಂಟರ್‌ಗಾದರೆ, ಈಗಿನ ಸರ್ಕಾರಗಳಿಗೆ ಇದರಿಂದ ಏನು ಉಪಯೋಗ ಅನ್ನುವುದಕ್ಕೆ ಒಂದು ಪ್ಯಾರಾ ಕೊಡಿ. ಇತಿಹಾಸ ವಿಭಾಗಕ್ಕಾದರೆ ಆ ಪ್ಯಾರಾ ಕಿತ್ತು ಆರ್ಕೈವ್ ಹೆಚ್ಚಿಸಿ. ಪ್ರಶ್ನೆ ಅದೇ, ಬಾಗಿಲು ಬೇರೆ.

ಅಲ್ಲಿನ ಇಬ್ಬರು ಪ್ರಾಧ್ಯಾಪಕರ ಹೆಸರು ಹೇಳಿ, ಅವರ ಯಾವ ವಾದ ನಿಮ್ಮ ಕೆಲಸಕ್ಕೆ ತಾಗುತ್ತದೆ ಅಂತ ಒಂದೊಂದು ವಾಕ್ಯ ಬರೆಯಿರಿ. ಒಪ್ಪದಿದ್ದರೆ ಒಪ್ಪುವುದಿಲ್ಲ ಅಂತಲೇ ಬರೆಯಬಹುದು. ಆದರೆ ಅವರು ಇನ್ನೂ ಅಲ್ಲೇ ಇದ್ದಾರಾ, ಆ ವರ್ಷ ರಜೆಯಲ್ಲಿರುತ್ತಾರಾ ಅಂತ ಮೊದಲು ನೋಡಿಕೊಳ್ಳಿ.

ಶಿಫಾರಸು ಪತ್ರಗಳು

ನನ್ನ ಎರಡನೇ ಅರ್ಜಿ ಬಿದ್ದದ್ದು ಇಲ್ಲಿ. ಕೊನೆಯ ದಿನಕ್ಕೆ ಒಂಬತ್ತು ದಿನ ಇದ್ದಾಗ ಪತ್ರ ಕೇಳಿದೆ. ಬರೆಯಬೇಕಾದವರು ಪ್ರಯಾಣದಲ್ಲಿದ್ದರು. ಪತ್ರ ಬಂತು, ಚೆನ್ನಾಗಿಯೂ ಇತ್ತಂತೆ, ಆದರೆ ಎರಡು ದಿನ ತಡವಾಗಿ. ಪೋರ್ಟಲ್‌ನಲ್ಲಿ ನನ್ನ ಹೆಸರಿನ ಮುಂದೆ 'ಅಪೂರ್ಣ' ಅಂತ ಬಿತ್ತು. ತಪ್ಪು ಅವರದ್ದಲ್ಲ, ನನ್ನದೇ.

ಆರು ವಾರ ಮುಂಚೆ ಕೇಳಿ. ಯಾರನ್ನು ಕೇಳಬೇಕು ಅನ್ನುವುದರಲ್ಲೂ ಒಂದು ಭ್ರಮೆ ಇದೆ. ಹೆಸರಾಂತ ವ್ಯಕ್ತಿ ಬರೆದ ನಾಲ್ಕು ಸಾಲಿನ ಹೊಗಳಿಕೆಗಿಂತ, ನಿಮ್ಮ ಅಧ್ಯಾಯವನ್ನು ಮೂರು ಸಲ ಓದಿ ಕೆಂಪು ಶಾಯಿ ಹಾಕಿದವರ ಒಂದೂವರೆ ಪುಟ ಮೇಲು. ಥೀಸಿಸ್ ಗೈಡ್ ಪತ್ರ ಇಲ್ಲದಿದ್ದರೆ ಸಮಿತಿಗೆ ಅನುಮಾನ ಬರುತ್ತದೆ. ಎರಡನೆಯದು ನಿಮ್ಮ ಕೆಲಸ ಗೊತ್ತಿರುವ ಹೊರಗಿನವರದ್ದಾಗಿರಲಿ.

ಕೇಳುವಾಗ ಹೀಗೆ ಬರೆದರೆ ಅವರಿಗೂ ಸುಲಭ: "ಮೇಡಂ, ಜನವರಿ 15ಕ್ಕೆ ಎರಡು, ಫೆಬ್ರವರಿ 1ಕ್ಕೆ ಒಂದು ಪತ್ರ ಬೇಕಾಗುತ್ತದೆ. ಪ್ರಪೋಸಲ್ ಕರಡು, ಸಿವಿ, ಮೂರೂ ಕರೆಗಳನ್ನು ಜೊತೆಗಿಟ್ಟಿದ್ದೇನೆ. ಪ್ರಪೋಸಲ್‌ನಲ್ಲಿ ನನ್ನ ರಷ್ಯನ್ ಭಾಷೆಯ ಬಗ್ಗೆ ಹೇಳಲು ಜಾಗ ಸಾಲಲಿಲ್ಲ. ಆರ್ಕೈವ್ ಕೆಲಸವನ್ನು ನೀವು ಹತ್ತಿರದಿಂದ ನೋಡಿದ್ದೀರಿ, ಆ ಬಗ್ಗೆ ಬರೆಯಬಹುದೇ? ಬಿಡುವಿಲ್ಲದಿದ್ದರೆ ಖಂಡಿತ ಹೇಳಿ, ಬೇಸರವಿಲ್ಲ." ಆ ಕೊನೆಯ ಸಾಲು ಮುಖ್ಯ. ಮನಸ್ಸಿಲ್ಲದೆ ಬರೆದ ಪತ್ರ ಇಲ್ಲದ ಪತ್ರಕ್ಕಿಂತ ಕೆಟ್ಟದು. ಎರಡು ವಾರ ಇರುವಾಗ ಒಮ್ಮೆ, ಮೂರು ದಿನ ಇರುವಾಗ ಒಮ್ಮೆ ನೆನಪಿಸಿ. ಅದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ.

ಉಳಿದ ಕಾಗದಗಳು

ಸಿವಿಯಲ್ಲಿ ಪ್ರಕಟವಾದದ್ದು, ಒಪ್ಪಿಗೆಯಾದದ್ದು, ಪರಿಶೀಲನೆಯಲ್ಲಿರುವುದು ಬೇರೆ ಬೇರೆ ಇರಲಿ. ಭಾಷೆಗಳ ಮುಂದೆ 'ಓದಬಲ್ಲೆ', 'ಮಾತಾಡಬಲ್ಲೆ' ಅಂತ ನಿಜ ಬರೆಯಿರಿ. ಇಂಟರ್‌ವ್ಯೂನಲ್ಲಿ ಒಬ್ಬರು ಥಟ್ಟಂತ ರಷ್ಯನ್‌ನಲ್ಲಿ ಮಾತು ಶುರು ಮಾಡಿದರೆ?

ರೈಟಿಂಗ್ ಸ್ಯಾಂಪಲ್‌ಗೆ ನಿಮ್ಮ ಅತ್ಯುತ್ತಮ ಅಧ್ಯಾಯ ಕೊಡಿ, ಅತಿ ಹೊಸದಲ್ಲ. ಮೊದಲ ಎರಡು ಪುಟದಲ್ಲಿ ವಾದ ಏನು ಅಂತ ಬಂದಿರಬೇಕು. ಕವರ್ ಲೆಟರ್ ಒಂದು ಪುಟ. ಹಳೆಯ ಪತ್ರವನ್ನು ತಿದ್ದಿ ಬಳಸುವುದಾದರೆ ಬೇರೆ ಸಂಸ್ಥೆಯ ಹೆಸರು ಎಲ್ಲಾದರೂ ಉಳಿದಿದೆಯೇ ಅಂತ ಹುಡುಕಿ. ಫೈಲ್ ಹೆಸರಿನಲ್ಲೂ ನೋಡಿ. ಇದು ನಗುವ ಮಾತಲ್ಲ, ಪ್ರತಿ ವರ್ಷ ಯಾರೋ ಒಬ್ಬರು ಮಾಡುತ್ತಾರೆ.

ಕಳಿಸುವ ಮೊದಲು ನಿಮ್ಮ ಕ್ಷೇತ್ರದವರಲ್ಲದ ಒಬ್ಬರಿಗೆ ಪ್ರಪೋಸಲ್ ಓದಿಸಿ. ಸಮಿತಿಯಲ್ಲಿ ಅರ್ಥಶಾಸ್ತ್ರದವರೂ ಕಾನೂನಿನವರೂ ಇರಬಹುದು. ನಿಮ್ಮ ಸ್ನೇಹಿತರಿಗೆ ಮೊದಲ ಪ್ಯಾರಾ ಓದಿ ಪ್ರಶ್ನೆ ಏನು ಅಂತ ಹೇಳಲು ಆಗದಿದ್ದರೆ, ಇನ್ನೂ ಕೆಲಸ ಇದೆ ಅಂತ ಅರ್ಥ.

ಇಂಟರ್‌ವ್ಯೂ ಇದ್ದರೆ

ಎಲ್ಲ ಕಡೆ ಇರುವುದಿಲ್ಲ. ಇದ್ದರೆ ಹೆಚ್ಚಾಗಿ ವಿಡಿಯೋದಲ್ಲಿ, ಅರ್ಧ ಗಂಟೆ. ಮೊದಲ ಪ್ರಶ್ನೆ ಬಹುತೇಕ ಒಂದೇ: ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ. ಎರಡು ನಿಮಿಷದ ಉತ್ತರವನ್ನು ಬಾಯಿಪಾಠ ಮಾಡಬೇಡಿ, ಆದರೆ ಹತ್ತು ಸಲ ಹೇಳಿ ನೋಡಿಕೊಳ್ಳಿ. ನಂತರ ಬರುವುದು ಆಕ್ಷೇಪಣೆ. 'ಎರಡು ಮೂರು ಘಟನೆ ಇಟ್ಟುಕೊಂಡು ಇಷ್ಟು ದೊಡ್ಡ ಮಾತು ಹೇಳಬಹುದೇ?' ಇದಕ್ಕೆ ತಡಬಡಿಸಬೇಡಿ. 'ಹೇಳಲಾಗದು, ಅದಕ್ಕೇ ವಾದವನ್ನು ಇಷ್ಟಕ್ಕೆ ಮಿತಿಗೊಳಿಸಿದ್ದೇನೆ' ಅನ್ನುವುದು ಒಳ್ಳೆಯ ಉತ್ತರ. ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಅಂತಾರೆ. ಫೆಲೋಗಳ ಸೆಮಿನಾರ್ ಹೇಗೆ ನಡೆಯುತ್ತದೆ, ಕರಡನ್ನು ಯಾರು ಓದುತ್ತಾರೆ, ಹೀಗೆ ಕೇಳಿ. ಸ್ಟೈಪೆಂಡ್ ಮಾತು ಈಗ ಬೇಡ.

ಉತ್ತರ ಬಂದ ಮೇಲೆ

ಇಲ್ಲ ಅಂತ ಬಂದರೆ ಅದೇ ವಾರ ಒಂದು ಸಣ್ಣ ಇಮೇಲ್ ಕಳಿಸಿ, ಟಿಪ್ಪಣಿ ಇದ್ದರೆ ಕೊಡುತ್ತೀರಾ ಅಂತ. ಹೆಚ್ಚಿನವರು ಕೊಡುವುದಿಲ್ಲ. ಮೇರಿ ಕ್ಯೂರಿಯಲ್ಲಿ ಮಾತ್ರ ಮೌಲ್ಯಮಾಪಕರ ಬರಹ ಎಲ್ಲರಿಗೂ ಬರುತ್ತದೆ, ಅದು ಬಂಗಾರ. ವೇಟಿಂಗ್ ಲಿಸ್ಟ್‌ನಲ್ಲಿದ್ದರೆ ಆಸೆ ಬಿಡಬೇಡಿ. ಒಳ್ಳೆಯ ಅರ್ಜಿದಾರರಿಗೆ ಎರಡು ಮೂರು ಕಡೆ ಸಿಕ್ಕಿರುತ್ತದೆ, ಅವರು ಒಂದನ್ನು ಬಿಟ್ಟಾಗ ಜಾಗ ಖಾಲಿಯಾಗುತ್ತದೆ.

ಹೌದು ಅಂತ ಬಂದರೆ, ಸಹಿ ಹಾಕುವ ಮುಂಚೆ ಲೆಕ್ಕ ಹಾಕಿ. ಸ್ಟೈಪೆಂಡ್ ಎಷ್ಟು ತಿಂಗಳಿಗೆ? ಆರೋಗ್ಯ ವಿಮೆ ಒಳಗೊಂಡಿದೆಯೇ? ಕುಟುಂಬಕ್ಕೂ ಇದೆಯೇ? ಪ್ರಯಾಣ, ಆರ್ಕೈವ್ ಓಡಾಟಕ್ಕೆ ಬೇರೆ ಹಣ ಇದೆಯೇ? ಆ ಊರಿನಲ್ಲಿ ಬಾಡಿಗೆ ಎಷ್ಟು? ಈಗ ಇವನ್ನೆಲ್ಲ ಧಾರಾಳವಾಗಿ ಕೇಳಬಹುದು. ಈಗಿರುವ ಅಥವಾ ಹಿಂದಿನ ಫೆಲೋ ಒಬ್ಬರಿಗೆ ಇಮೇಲ್ ಮಾಡಿದರೆ ಆಫೀಸಿಗಿಂತ ನೇರವಾಗಿ ಹೇಳುತ್ತಾರೆ.

ಅಮೆರಿಕಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಜೆ-1 ವೀಸಾ. ವಿಶ್ವವಿದ್ಯಾಲಯ ಡಿಎಸ್-2019 ಎಂಬ ಫಾರಂ ಕಳಿಸುತ್ತದೆ, ಅದಿಲ್ಲದೆ ವೀಸಾ ಇಂಟರ್‌ವ್ಯೂ ಇಲ್ಲ. ವಿಮೆ ಕಡ್ಡಾಯ, ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು. ಕೆಲವರಿಗೆ, ಮುಖ್ಯವಾಗಿ ಸರ್ಕಾರದ ಹಣದಲ್ಲಿ ಹೋದವರಿಗೆ, ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶದಲ್ಲಿರಬೇಕು ಅನ್ನುವ ಷರತ್ತು ಇರುತ್ತದೆ. ಅದು ನಿಮಗೆ ತಾಗುತ್ತದೆಯೇ ಅಂತ ಮೊದಲೇ ಕೇಳಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಜೆ-1 ವೀಸಾದ 'ರಿಸರ್ಚ್ ಸ್ಕಾಲರ್' ವರ್ಗದಲ್ಲಿ ಒಮ್ಮೆ ಹೋಗಿ ಮುಗಿಸಿ ಬಂದರೆ, ಅದೇ ವರ್ಗದಲ್ಲಿ ಮತ್ತೆ ಹೋಗಲು 24 ತಿಂಗಳು ಕಾಯಬೇಕು. ನಾಲ್ಕು ತಿಂಗಳ ಸಣ್ಣ ಭೇಟಿಗೂ ಇದೇ ವರ್ಗ ಹಾಕಿಬಿಟ್ಟರೆ, ಮುಂದಿನ ವರ್ಷ ಪೂರ್ಣಾವಧಿ ಫೆಲೋಶಿಪ್ ಸಿಕ್ಕರೂ ಹೋಗಲಾಗದ ಪರಿಸ್ಥಿತಿ ಬರುತ್ತದೆ. ಆರು ತಿಂಗಳ ಒಳಗಿನ ಭೇಟಿಗೆ 'ಶಾರ್ಟ್-ಟರ್ಮ್ ಸ್ಕಾಲರ್' ಅಂತ ಬೇರೆ ವರ್ಗ ಇದೆ. ಡಿಎಸ್-2019 ತಯಾರಾಗುವ ಮೊದಲೇ ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗೆ ಇಮೇಲ್ ಮಾಡಿ ಅದನ್ನೇ ಹಾಕಲು ಹೇಳಿ.